ಸಾಯಣಾಚಾರ್ಯರೂ ಸೂರ್ಯನ ನಡೆಯೂ

ಮಾಧವಾಚಾರ್ಯರ ತಮ್ಮಂದಿರಾದ ಸಾಯಣರು ಮೊದಲು ಉದಯಗಿರಿಯಲ್ಲಿ ಕಂಪಣರಾಯನ ಮಂತ್ರಿಗಳು. ರಾಯನು ತೀರಿಕೊಂಡಾಗ ಅವನ ಎಳೆಯ ಮಗ ಸಂಗಮನಿಗೆ ಪಾಠ ಹೇಳುತ್ತಲೇ ರಾಜ್ಯ ಸಾಗಿಸಿದರು. ಮುಂದೆ ವಿಜಯನಗರದಲ್ಲಿ ಬುಕ್ಕರಾಯನ ಇಚ್ಛೆಯಂತೆ ವೇದಭಾಷ್ಯಕ್ಕೆ ಕೈಯಿಕ್ಕಿದರು, 1387ರಲ್ಲಿ ಕಾಲವಾದರು.

ಸೂರ್ಯನು ಅರ್ಧ ನಿಮೇಷಕ್ಕೆ, ಎಂದರೆ ಅರೆ ಎವೆಯಿಕ್ಕುವಷ್ಟರಲ್ಲಿ, 2202 ಯೋಜನ ನಡೆಯುವನೆಂಬ ಸ್ತುತಿಯನ್ನು ಋಗ್ವೇದಭಾಷ್ಯದಲ್ಲಿ ಅವರು ಸ್ಮರಿಸಿದ್ದಾರೆ. ಅದೇ ಬೆಳಕಿನ ವೇಗವೆಂದು ಯಮನೂರಿನ ನಮ್ಮ ಹಿರಿಯರಿಗೆ ಹೆಮ್ಮೆ. ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ ಆದ್ದರಿಂದ ಲೆಕ್ಕ ನನ್ನ ಪಾಲಿಗೆ ಬಂದಿತು. ನಿಮೇಷವನ್ನು ಸೆಕೆಂಡಿನ 75ರಲ್ಲಿ 16 ಪಾಲೆಂದು ಹಿಡಿದು ಯೋಜನಕ್ಕೆ 9 ಮೈಲಿ ಇಟ್ಟರೆ, ಬಿಸಿಲು ಭೂಮಿಗೆ 8 ನಿಮಿಷ 20 ಸೆಕೆಂಡಿನಲ್ಲಿ ಬರುತ್ತದೆ, ಸರಿಯಾಯಿತು. 5 ಮೈಲಿ ಇಟ್ಟರೋ, 15 ನಿಮಿಷ! ಯೋಜನದ ಅಳತೆ ಗ್ರಂಥಕ್ಕೊಂದು ತೆರ. ಆಚಾರ್ಯರು ಹೇಳಿದ್ದು ಸೂರ್ಯನ ನಡೆಯನ್ನು. ಬೆಳಕಿಗೂ ವೇಳೆ ಹಿಡಿಯುವುದೆಂದು 1676ರಲ್ಲಿ ಗುರುಗ್ರಹದ ಉಪಗ್ರಹವೊಂದರ ಗ್ರಹಣಗಳಿಂದ ತೋರಿಸಿದವನು ಡೆನ್ಮಾರ್ಕಿನ ರೋಮರ್. ಹಿರಿಯರು ಇನ್ನೂ ಒಪ್ಪಿಲ್ಲ.