ಬರೆದು ಮುಗಿಸದೆ ತೆರಳಿದ ಇತಿಹಾಸಕಾರ

1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ಹಠಾತ್ತನೆ ಎರಗಿದಾಗ 2,400ಕ್ಕೂ ಹೆಚ್ಚು ಅಮೆರಿಕನ್ನರು ಮಡಿದರು. ಆ ಒಂದು ಬೆಳಗಿನ ಇತಿಹಾಸಕ್ಕಾಗಿ 37 ವರ್ಷ ದುಡಿದವರು ಗಾರ್ಡನ್ ಪ್ರಾಂಗೆ. 1910ರಲ್ಲಿ ಅಯೋವಾದಲ್ಲಿ ಜನಿಸಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದ ಅವರು ಯುದ್ಧಾನಂತರ ಜನರಲ್ ಮ್ಯಾಕ್‌ಆರ್ಥರರ ಇತಿಹಾಸ ವಿಭಾಗದ ಮುಖ್ಯಸ್ಥರಾಗಿ ಟೋಕಿಯೊದಲ್ಲಿದ್ದರು.

ಗೆದ್ದವರ ಕಡತಗಳಷ್ಟೇ ಅವರಿಗೆ ಸಾಲಲಿಲ್ಲ. ದಾಳಿಯ ಯೋಜನೆ ರೂಪಿಸಿದ ಗೆಂಡಾ ಮಿನೋರು, ವಿಮಾನಗಳನ್ನು ಮುನ್ನಡೆಸಿದ ಫುಚಿಡಾ ಮಿತ್ಸುವೊ ಮೊದಲಾದವರನ್ನು ಮತ್ತೆ ಮತ್ತೆ ಸಂದರ್ಶಿಸಿದರು. ನಿನ್ನೆಯ ವೈರಿಯ ಮಾತನ್ನು ತಾಳ್ಮೆಯಿಂದ ಆಲಿಸುವುದು ಗೆದ್ದ ನಾಡಿನ ವಿದ್ವಾಂಸನಿಗೆ ಸುಲಭವೇನಲ್ಲ. ಅಮೆರಿಕದ ಸೆನ್ಸಾರ್ ಕಚೇರಿ ಮುಚ್ಚಿದಾಗ ಅಲ್ಲಿ ಉಳಿದಿದ್ದ ಜಪಾನಿ ಪತ್ರಿಕೆ, ಪುಸ್ತಕಗಳ ರಾಶಿಯನ್ನೂ ಅವರು ಮೇರಿಲ್ಯಾಂಡಿಗೆ ಸಾಗಿಸಿದರು. ಆ ಕಾಲದ ಜಪಾನನ್ನು ಅರಿಯಬಯಸುವ ಜಪಾನಿ ಸಂಶೋಧಕರೂ ಇಂದು ಆ ಸಂಗ್ರಹವನ್ನು ಆಶ್ರಯಿಸುತ್ತಾರೆ. ನನ್ನ ಮಟ್ಟಿಗೆ ಇದು ಗ್ರಂಥರಚನೆಗಿಂತ ಕಿರಿದಾದ ಸೇವೆಯಲ್ಲ.

ಅವರ ಬರಹವನ್ನೂ ಆಧರಿಸಿದ ‘ತೋರಾ! ತೋರಾ! ತೋರಾ!’ ಚಲನಚಿತ್ರ 1970ರಲ್ಲಿ ತೆರೆಕಂಡಿತು. ಮಹಾಗ್ರಂಥ ಮಾತ್ರ ಬೆಳೆಯುತ್ತಲೇ ಹೋಯಿತು. 1980ರ ಮೇ ತಿಂಗಳಲ್ಲಿ ಪ್ರಾಂಗೆ ತೀರಿಕೊಂಡಾಗ ಸಾವಿರಾರು ಪುಟಗಳ ಹಸ್ತಪ್ರತಿ ಅಚ್ಚಾಗದೆ ಉಳಿದಿತ್ತು. ಶಿಷ್ಯ ಡೊನಾಲ್ಡ್ ಗೋಲ್ಡ್‌ಸ್ಟೀನ್, ಕ್ಯಾಥರೀನ್ ಡಿಲ್ಲನ್ ಅವರೊಡಗೂಡಿ ಅದನ್ನು ಪರಿಷ್ಕರಿಸಿದರು. 1981ರಲ್ಲಿ ‘ಅಟ್ ಡಾನ್ ವಿ ಸ್ಲೆಪ್ಟ್’ ಪ್ರಕಟವಾಯಿತು. ಅಧ್ಯಕ್ಷ ರೂಸ್‌ವೆಲ್ಟರು ದಾಳಿಯನ್ನು ಮೊದಲೇ ಅರಿತು ಸುಮ್ಮನಿದ್ದರೆಂಬ ವಾದವನ್ನು ಅದು ತಳ್ಳಿಹಾಕಿತು.