ನರಕೋಶಗಳ ರೂಪಭೇದ ಕಂಡ ರಾಮೋನ್ ಇ ಕಹಾಲ್

ಮಿದುಳಿನ ಸೂಕ್ಷ್ಮರಚನೆಯನ್ನು ಲೋಕಕ್ಕೆ ತೋರಿಸಿಕೊಟ್ಟ ಸಾಂಟಿಯಾಗೊ ರಾಮೋನ್ ಇ ಕಹಾಲ್ ಅವರು 1852ರ ಮೇ 1ರಂದು ಸ್ಪೇನ್ ದೇಶದ ಪೆಟಿಲ್ಲಾ ಎಂಬ ಕುಗ್ರಾಮದಲ್ಲಿ ಜನಿಸಿದರು. ತಂದೆ ವೈದ್ಯರು, ಬಹು ಕಟ್ಟುನಿಟ್ಟಿನವರು. ಬಾಲಕನಿಗೋ ಚಿತ್ರ ಬರೆಯುವ ಹುಚ್ಚು. ದಾರಿಗೆ ತರಲೆಂದು ತಂದೆ ಆತನನ್ನು ಕ್ಷೌರಿಕನ ಬಳಿಯೂ ಪಾದರಕ್ಷೆ ಹೊಲಿಯುವವನ ಬಳಿಯೂ ಕೆಲಸಕ್ಕಿಟ್ಟರು. ಹೊಲಿಗೆಯ ಕಾಯಕದಲ್ಲಿಯೂ ಹುಡುಗ ನಿಪುಣನಾದನೆಂಬುದು ಗಮನಾರ್ಹ. ಕಡೆಗೆ ತಂದೆಯೇ ಎಲುಬುಗಳನ್ನು ಮುಂದಿಟ್ಟು ಅಂಗರಚನೆಯನ್ನು ಬೋಧಿಸಿದಾಗ ಆ ಚಿತ್ರಗಾರನ ಕೈ ವಿದ್ಯೆಯತ್ತ ತಿರುಗಿತು. ದಂಡನೆಯಿಂದಾಗದುದು ಅಭಿರುಚಿಯನ್ನರಿತ ಪಾಠದಿಂದಾಯಿತು.

1873ರಲ್ಲಿ ವೈದ್ಯ ಪದವಿ ಪಡೆದ ಕಹಾಲರು ಸೇನಾವೈದ್ಯರಾಗಿ ಕ್ಯೂಬಾಕ್ಕೆ ಹೋಗಿ, ಮಲೇರಿಯಾದಿಂದ ಜರ್ಜರಿತರಾಗಿ ಮರಳಿದರು. 1885ರಲ್ಲಿ ಕಾಲರಾ ಕುರಿತು ನಡೆಸಿದ ಸಂಶೋಧನೆಗೆ ಮೆಚ್ಚಿ ಸರಗೋಸಾ ಪ್ರಾಂತ್ಯದ ಆಡಳಿತವು ಉತ್ತಮವಾದೊಂದು ಸೂಕ್ಷ್ಮದರ್ಶಕವನ್ನು ಕಾಣಿಕೆಯಾಗಿತ್ತಿತು. ದಾನವು ಸತ್ಪಾತ್ರಕ್ಕೇ ಸಂದಿತು.

ಇಟಲಿಯ ಗಾಲ್ಜಿ ಅವರು ಕಂಡುಹಿಡಿದಿದ್ದ ಬೆಳ್ಳಿಲವಣದ ವರ್ಣಲೇಪವನ್ನು ಕಹಾಲರು 1887ರಲ್ಲಿ ನೋಡಿದರು. ಅದು ಅಸಂಖ್ಯ ನರಕೋಶಗಳಲ್ಲಿ ಕೆಲವನ್ನು ಮಾತ್ರ ಕಪ್ಪಾಗಿಸುತ್ತದೆ. ಬಂಡೀಪುರದ ದಟ್ಟಡವಿಯಲ್ಲಿ ಯಾವ ಕೊಂಬೆ ಯಾವ ಮರದ್ದೆಂದು ತಿಳಿಯುವುದು ಕಷ್ಟ. ಎಳೆಯ ಗಿಡಗಳ ತೋಪಿನಲ್ಲಿ ಸುಲಭ. ಅದರಂತೆ ಅವರು ಎಳೆಯ ಮಿದುಳುಗಳನ್ನೇ ಆರಿಸಿಕೊಂಡರು. ಕೋಳಿಮರಿಗಳ ಕಿರುಮಿದುಳಿನಲ್ಲಿ ಬುಟ್ಟಿಯಂತೆ ಹೆಣೆದುಕೊಂಡ ತಂತುಗಳು ನೆರೆಯ ಕೋಶವನ್ನು ಸುತ್ತಿದ್ದರೂ ಅದರೊಳಗೆ ಬೆರೆತಿರಲಿಲ್ಲ. ನರಮಂಡಲವೆಲ್ಲ ಒಂದೇ ಅಖಂಡ ಜಾಲವೆಂಬ ಅಂದಿನ ನಂಬಿಕೆಗೆ ಇದು ವಿರುದ್ಧವಾಗಿತ್ತು. 1888ರಲ್ಲಿ ಸ್ವಂತ ಹಣದಿಂದ ಪತ್ರಿಕೆ ಹೊರಡಿಸಿ ಇದನ್ನು ಪ್ರಕಟಿಸಿದರು. ಮರುವರ್ಷ ಬರ್ಲಿನ್ನಿಗೆ ತೆರಳಿ ವಿದ್ವಾಂಸರಿಗೆ ತಮ್ಮ ಗಾಜುಫಲಕಗಳನ್ನೇ ತೋರಿಸಿದರು. 1906ರ ನೊಬೆಲ್ ಪ್ರಶಸ್ತಿಯು ಗಾಲ್ಜಿಯವರೊಡನೆ ಹಂಚಿಕೆಯಾಯಿತು. ವಿಪರ್ಯಾಸವೆಂದರೆ, ಗಾಲ್ಜಿಯವರು ಆ ವೇದಿಕೆಯಲ್ಲಿಯೇ ಕಹಾಲರ ಸಿದ್ಧಾಂತವನ್ನು ಅಲ್ಲಗಳೆದರು.

ದೂರ ಸಾಗದೆ ನೆರೆಯಲ್ಲೇ ಕವಲೊಡೆಯುವ ಗಿಡ್ಡತಂತುವಿನ ಕೋಶಗಳ ಬಗೆಬಗೆಯ ಆಕಾರಗಳನ್ನು ಕಹಾಲರು ಅಪಾರ ತಾಳ್ಮೆಯಿಂದ ಬಿಡಿಸಿಟ್ಟರು. ಮಧ್ಯವರ್ತಿ ನರಕೋಶಗಳೆನಿಸಿದ ಇವುಗಳಲ್ಲಿ ಹೆಚ್ಚಿನವು ಮಿದುಳಿನ ಉದ್ರೇಕಕ್ಕೆ ಕಡಿವಾಣ ಹಾಕುತ್ತವೆಂಬುದು ಮುಂದೆ ತಿಳಿಯಿತು. ಆದರೆ ಆಕಾರವೊಂದರಿಂದಲೇ ಜಾತಿನಿರ್ಣಯ ಸಾಲದಾಯಿತು. ಈಗ ಕೋಶದಲ್ಲಿ ಯಾವ ವಂಶವಾಹಿಗಳು ಕ್ರಿಯಾಶೀಲವೆಂದು ನೋಡಿ ವರ್ಗೀಕರಿಸುತ್ತಾರೆ. ಇಲಿಯ ಮಿದುಳಿನ ಹೊರಪದರದಲ್ಲಿ ಇಂಥ ಕೋಶಗಳು ಬಹುತೇಕ ಮೂರು ಗುಂಪುಗಳಿಗೆ ಸೇರುತ್ತವೆ: ಪಾರ್ವಾಲ್ಬುಮಿನ್ ಉಳ್ಳವು, ಸೊಮ್ಯಾಟೊಸ್ಟ್ಯಾಟಿನ್ ಉಳ್ಳವು, ಸೆರೊಟೊನಿನ್ನಿನ ಒಂದು ಬಗೆಯ ಗ್ರಾಹಿಯುಳ್ಳವು. ಕಹಾಲರು ಕಂಡ ಕಿರುಮಿದುಳಿನ ಬುಟ್ಟಿಕೋಶದಲ್ಲಿಯೂ ಪಾರ್ವಾಲ್ಬುಮಿನ್ ಇದೆ.

1934ರ ಅಕ್ಟೋಬರ್ 17ರಂದು ಅವರು ಮ್ಯಾಡ್ರಿಡ್‌ನಲ್ಲಿ ನಿಧನರಾದರು. ಅವರು ಬರೆದ ಚಿತ್ರಗಳು ಇಂದಿಗೂ ಪಠ್ಯಗ್ರಂಥಗಳಲ್ಲಿ ಅಚ್ಚಾಗುತ್ತಿವೆ. ಒಳಗುಂಪುಗಳು ಒಟ್ಟು ಎಷ್ಟೆಂಬ ಲೆಕ್ಕ ಇನ್ನೂ ಮುಗಿದಿಲ್ಲ.