ಗವಾಯಿಗಳಿಗೆ ಗೌರವ ತಂದ ಪಂಡಿತ ಪಲುಸ್ಕರರು

ಊರು ಬಿಟ್ಟು ಬಂದ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂದು ಸಂಗೀತ ಪರೀಕ್ಷೆಗಳಿಗೆ ಕೂಡುತ್ತಾರೆ. ತೇರ್ಗಡೆಯಾದರೆ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ. ಸಂಗೀತಕ್ಕೂ ಶಾಲೆ, ಪರೀಕ್ಷೆ, ಪದವಿ ಇರಬೇಕೆಂದು ಹಟ ತೊಟ್ಟು, ಅದಕ್ಕಾಗಿ ಸರ್ವಸ್ವವನ್ನೂ ಪಣಕ್ಕಿಟ್ಟವರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರು.

ಪಂಡಿತರು 1872ರ ಆಗಸ್ಟ್ 18ರಂದು ಕುರುಂದವಾಡದ ಕೀರ್ತನಕಾರರ ಮನೆಯಲ್ಲಿ ಜನ್ಮ ತಾಳಿದರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣುಗಳಿಗೆ ಪೆಟ್ಟಾಗಿ ಶಾಲೆಯ ಓದು ನಿಂತಿತು. ಮಿರಜ ಸಂಸ್ಥಾನದ ಆಶ್ರಯ ದೊರೆತು, ಬಾಲಕೃಷ್ಣಬುವಾ ಇಚಲಕರಂಜಿಕರರಲ್ಲಿ ಗ್ವಾಲಿಯರ್ ಪದ್ಧತಿಯ ಗಾಯನವನ್ನು ಅಭ್ಯಾಸ ಮಾಡಿದರು. ಅಲ್ಲಿ ಒಂದು ಸಮಾರಂಭಕ್ಕೆ ತಮ್ಮನ್ನು ಕರೆದವರು ಗುರುಗಳನ್ನು ಮಾತ್ರ ಕೇವಲ ಗವಾಯಿಯೆಂದು ಕೈಬಿಟ್ಟದ್ದು ಶಿಷ್ಯನ ಮನಸ್ಸನ್ನು ಬಹಳ ನೋಯಿಸಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. 1896ರಲ್ಲಿ ಅವರು ಮಿರಜ ಬಿಟ್ಟು ಸಂಚಾರ ಹೊರಟರು. ಸೌರಾಷ್ಟ್ರದಲ್ಲಿ ಟಿಕೀಟು ಇಟ್ಟು ಬಹಿರಂಗ ಕಚೇರಿ ಮಾಡಿದರು. ದರ್ಬಾರಿನ ಹಾಡು ಹೀಗೆ ಸಾಮಾನ್ಯರ ಕಿವಿಗೂ ಬಿತ್ತು.

1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಅದು ಒಬ್ಬ ಅರಸನ ಬೊಕ್ಕಸವನ್ನು ನಂಬಿದ ಸಂಸ್ಥೆಯಲ್ಲ. ಸಾರ್ವಜನಿಕರ ವಂತಿಗೆಯಿಂದಲೂ ಕಚೇರಿಗಳ ಗಳಿಕೆಯಿಂದಲೂ ನಡೆಯಿತು. ಪಂಡಿತರು ತಮ್ಮದೇ ಸ್ವರಲಿಪಿಯನ್ನು ರೂಪಿಸಿ ಪಾಠಪುಸ್ತಕಗಳನ್ನು ಅಚ್ಚು ಹಾಕಿಸಿದರು. ಕೆಲವು ಶಿಷ್ಯರನ್ನು ತಮ್ಮೊಡನೆ ಇರಿಸಿಕೊಂಡು ಉಪದೇಶಕರನ್ನಾಗಿ ತಯಾರು ಮಾಡಿದರು. ವಿದ್ಯೆ ಮುಗಿಸಿದವರಿಗೆ ಪದವಿ ಕೊಟ್ಟರು. ಪದವೀಧರನಾದ ಗಾಯಕನನ್ನು ಸಭ್ಯರ ಸಾಲಿನಲ್ಲಿ ಕೂಡಿಸದೆ ಗತಿಯಿಲ್ಲವೆಂಬುದನ್ನು ಅವರು ಬಲ್ಲವರಾಗಿದ್ದರು.

1908ರಲ್ಲಿ ಮುಂಬಯಿಯಲ್ಲಿಯೂ ವಿದ್ಯಾಲಯ ತೆರೆಯಿತು. ಅದಕ್ಕೆ ಸ್ವಂತ ಕಟ್ಟಡವಾಗಬೇಕೆಂದು ಪಂಡಿತರು ದೊಡ್ಡ ಸಾಲ ಮಾಡಿದರು. ಬ್ಯಾಂಕಿನಲ್ಲಿ ಸಾಲದ ಖಾತೆ ಬರೆಯುವ ನಮಗೆ ಮುಂದಿನ ಕಥೆ ಅಪರಿಚಿತವಲ್ಲ. ಅಸಲು ತೀರಿಸಲೆಂದು ಊರೂರು ಸುತ್ತಿ ಹಾಡಿದರು. ಬಡ್ಡಿ ಮಾತ್ರ ಅವರಿಗಿಂತ ಮುಂದೆ ಓಡಿತು. 1920ರ ದಶಕದಲ್ಲಿ ಸಾಲಗಾರರು ಕಟ್ಟಡವನ್ನು ಹರಾಜಿಗೆ ಹಾಕಿಸಿದರು. ಪಂಡಿತರು ನಾಸಿಕದ ತಮ್ಮ ಆಶ್ರಮದಲ್ಲಿ ರಾಮನಾಮ ಭಜನೆಯಲ್ಲಿ ಕಾಲ ಕಳೆದು, 1931ರ ಆಗಸ್ಟ್ 21ರಂದು ಮಿರಜದಲ್ಲಿ ಕಣ್ಮುಚ್ಚಿದರು.

ಲೆಕ್ಕದ ಪುಸ್ತಕದಲ್ಲಿ ಇದು ನಷ್ಟವೇ ಸರಿ. ಆದರೆ ಜಮೆಯ ಬದಿಯಲ್ಲಿ ಓಂಕಾರನಾಥ ಠಾಕೂರ್, ವಿನಾಯಕರಾವ್ ಪಟವರ್ಧನ್, ನಾರಾಯಣರಾವ್ ವ್ಯಾಸ್, ಬಿ. ಆರ್. ದೇವಧರ್ ಮೊದಲಾದ ಶಿಷ್ಯರಿದ್ದರು. ಗುರುಗಳು ತೀರಿದ ವರ್ಷವೇ ಶಿಷ್ಯರು ಕೂಡಿ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳವನ್ನು ಕಟ್ಟಿದರು; ನಮ್ಮ ಮಕ್ಕಳು ಬರೆಯುವ ಪರೀಕ್ಷೆಗಳು ಅದರವೇ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಿಂದ ಬಂದ ಬಾಲಕ ಶಿವಪುತ್ರ ಕೋಮಕಲಿ, ಮುಂಬಯಿಯಲ್ಲಿ ಇದೇ ದೇವಧರರ ಶಾಲೆಯಲ್ಲಿ ಕಲಿತು ಕುಮಾರ ಗಂಧರ್ವರೆಂದು ಲೋಕವಿಖ್ಯಾತರಾದರು. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಇದು ಅಭಿಮಾನದ ಸಂಗತಿ.

ಕಟ್ಟಡವನ್ನು ಹರಾಜು ಹಾಕಬಹುದು. ಕಲಿಸಿಕೊಟ್ಟ ವಿದ್ಯೆಯನ್ನು ಯಾವ ಸಾಲಗಾರನೂ ಜಪ್ತಿ ಮಾಡಲಾರ. ಗೋಡೆಯ ಮೇಲಿನ ಪ್ರಮಾಣಪತ್ರವನ್ನು ನೋಡಿದಾಗಲೆಲ್ಲ, ಅದರ ಬೆಲೆಯನ್ನು ಮುಂಗಡವಾಗಿ ತೆತ್ತುಹೋದ ಈ ಮಹನೀಯರನ್ನು ನಮ್ಮ ಮಕ್ಕಳಿಗೆ ಪರಿಚಯ ಮಾಡಿಕೊಡೋಣ.